ಎರಡು ಇಂಚಿನ ಚರಿತ್ರೆ: ಲಿಫ್ಟ್ ಕಿಟ್‌ಗೆ ದುಡ್ಡು ಹಾಕೋ ಮುಂಚೆ

ಪುಣೆ, ಹೈದರಾಬಾದ್, ಚೆನ್ನೈ ಅಂತ ಊರೂರಲ್ಲಿ ಕೆಲಸ ಮಾಡ್ತಾ, ಇಎಂಐ ಮೇಲೆ ಥಾರ್ ಅಥವಾ ಜಿಮ್ನಿ ತಗೊಂಡಿರೋ ನಮ್ಮವರು ಬಹಳ ಜನ ಇದ್ದಾರೆ. ಗಾಡಿ ಬಂದು ಆರು ತಿಂಗಳಾಗುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎರಡು ಇಂಚು ಲಿಫ್ಟ್ ಹಾಕಿಸೋಣ ಅಂತಿದೀನಿ, ಬಜೆಟ್ ಕಮ್ಮಿ, ಯಾವುದು ತಗೊಳ್ಳಲಿ?"

ಇದಕ್ಕೆ ಬ್ರ್ಯಾಂಡ್ ಹೆಸರು ಹೇಳಿ ಮುಗಿಸಬಹುದು. ಆದರೆ ಈ ಚಾನೆಲ್‌ನಲ್ಲಿ ನಾವು ಮಾಡೋದು ಇತಿಹಾಸದ ಮಾತು. ಹಾಗಾಗಿ ನಾನು ಬೇರೆ ಪ್ರಶ್ನೆಯಿಂದ ಶುರು ಮಾಡ್ತೀನಿ. ಗಾಡಿಯನ್ನು ಎತ್ತಬೇಕು ಅಂತ ಜನಕ್ಕೆ ಮೊದಲು ಅನ್ನಿಸಿದ್ದು ಯಾಕೆ? ಅವರು ಎತ್ತಿದ್ದು ಹೇಗೆ? ಈ ಕಥೆ ಗೊತ್ತಾದರೆ ಯಾವ ಕಿಟ್ ಅನ್ನೋ ಪ್ರಶ್ನೆಗೆ ಉತ್ತರ ಅರ್ಧ ಸಿಕ್ಕ ಹಾಗೆ. ಕೆಲವರಿಗೆ ದುಡ್ಡು ಉಳಿಯಲೂಬಹುದು.

ಕುದುರೆ ಗಾಡಿಯ ಕಮಾನು

ನಮ್ಮ ಜೀಪುಗಳ ಕೆಳಗೆ ಇದ್ದ ಲೀಫ್ ಸ್ಪ್ರಿಂಗ್ ಮೋಟಾರಿಗಿಂತ ಹಳೆಯದು. 1804ರಲ್ಲಿ ಒಬಡಯಾ ಎಲಿಯಟ್ ಅನ್ನೋ ಲಂಡನ್ನಿನ ಕೋಚು ತಯಾರಕ ಕುದುರೆ ಗಾಡಿಗೆ ದೀರ್ಘವೃತ್ತದ ಆಕಾರದ ಸ್ಪ್ರಿಂಗ್ ಜೋಡಿಸೋ ವಿಧಾನಕ್ಕೆ ಪೇಟೆಂಟ್ ಪಡೆದ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಲ್ಲಿನ ಹಾಗೆ ಬಾಗಿಸಿ, ಗಾಡಿಯ ತೂಕವನ್ನು ಅದರ ಮೇಲೆ ಕೂರಿಸೋದು. ಪುಣೆ, ಮುಂಬೈ ಗ್ಯಾರೇಜುಗಳಲ್ಲಿ ಇವತ್ತಿಗೂ ಇದಕ್ಕೆ 'ಕಮಾನಿ' ಅಂತಾರೆ. ನಮ್ಮ ಕಮಾನು, ಅವರ ಕಮಾನಿ, ಎರಡರ ಮೂಲವೂ ಪಾರಸಿಯ ಬಿಲ್ಲೇ. ಹೆಸರಲ್ಲೇ ಆಕಾರ ಇದೆ.

ಈ ಕಮಾನಿನ ಎರಡು ಗುಣ ನೆನಪಿಟ್ಟುಕೊಳ್ಳಿ. ಒಂದು, ಅದು ತೂಕ ಹೊರೋದರ ಜೊತೆಗೆ ಆಕ್ಸಲನ್ನು ತನ್ನ ಜಾಗದಲ್ಲಿ ಹಿಡಿದುಕೊಳ್ಳೋ ಕೆಲಸವನ್ನೂ ಮಾಡುತ್ತೆ. ಬೇರೆ ತೋಳು, ರಾಡು ಏನೂ ಬೇಡ. ಎರಡು, ಪಟ್ಟಿಗಳು ಒಂದಕ್ಕೊಂದು ಉಜ್ಜೋದರಿಂದ ಕುಣಿತ ತಾನಾಗಿಯೇ ಸ್ವಲ್ಪ ನಿಲ್ಲುತ್ತೆ. ಒಂದೇ ಭಾಗ, ಮೂರು ಕೆಲಸ. ಹಳ್ಳಿಯ ಕುಲುಮೆಯಲ್ಲೂ ರಿಪೇರಿ ಆಗೋ ವಸ್ತು. ಒರಟು ದಾರಿಯ ಗಾಡಿಗಳು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಬಿಡದೇ ಇದ್ದದ್ದಕ್ಕೆ ಕಾರಣ ಇಷ್ಟೇ.

49 ದಿನದಲ್ಲಿ ಹುಟ್ಟಿದ ಜೀಪು

1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗೋ ಗಾಡಿ ಬೇಕು ಅಂತ 135 ತಯಾರಕರನ್ನು ಕೇಳಿತು. ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ್ನು ಕರೆಸಿ, ಕೆಲವೇ ದಿನದಲ್ಲಿ ನಕ್ಷೆ ಮಾಡಿಸಿ, ಸೆಪ್ಟೆಂಬರ್ 23ರಂದು ಗಾಡಿಯನ್ನು ಸೇನೆಯ ಮುಂದೆ ನಿಲ್ಲಿಸಿತು. ದೊಡ್ಡ ಆರ್ಡರ್ ಕೊನೆಗೆ ಹೋಗಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯೋ ಹೊತ್ತಿಗೆ ಇಬ್ಬರೂ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ದರು.

ಈ ಗಾಡಿ, ಅಂದ್ರೆ ವಿಲ್ಲಿಸ್ ಎಂಬಿ, ಹೇಗಿತ್ತು ನೋಡಿ. ವೀಲ್‌ಬೇಸ್ 80 ಇಂಚು. ಮುಂದೆ ಹಿಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್. ಗ್ರೌಂಡ್ ಕ್ಲಿಯರೆನ್ಸ್ ಸುಮಾರು 8¾ ಇಂಚು, ಅಂದರೆ 222 ಮಿಲಿಮೀಟರ್. ಈಗ 2020ರ ಥಾರ್‌ನ ಲೆಕ್ಕ ತೆಗೆಯಿರಿ: 226 ಮಿಲಿಮೀಟರ್. ಎಂಬತ್ತು ವರ್ಷದಲ್ಲಿ ಬಂದ ವ್ಯತ್ಯಾಸ 4 ಮಿಲಿಮೀಟರ್! ಅಳೆಯೋ ರೀತಿಯಲ್ಲಿ ಹೆಚ್ಚು ಕಮ್ಮಿ ಇದ್ದರೂ ವಿಷಯ ಬದಲಾಗಲ್ಲ. ಯುದ್ಧಕ್ಕೆ ಹೋದ ಗಾಡಿಗೆ ಸಾಕಾದ ಎತ್ತರವೇ ನಿಮ್ಮ ಗಾಡಿಗೆ ಶೋರೂಮಿನಿಂದ ಬಂದಿದೆ. ಜೀಪು ಕೆಸರು ದಾಟಿದ್ದು ಎತ್ತರದ ಬಲದಿಂದ ಅಲ್ಲ. ಕಮ್ಮಿ ತೂಕ, ಚಿಕ್ಕ ವೀಲ್‌ಬೇಸ್, ಲೋ ರೇಂಜ್ ಗೇರು, ಮುಂದೆ ಹಿಂದೆ ಚಾಚಿಕೊಳ್ಳದ ಬಾಡಿ, ಇವುಗಳಿಂದ.

ಅದೇ ಯುದ್ಧದ ಇನ್ನೊಂದು ಗಾಡಿಯನ್ನೂ ನೆನೆಯಬೇಕು. 1942ರಲ್ಲಿ ಬಂದ ಡಕ್, ನೀರಲ್ಲೂ ನೆಲದಲ್ಲೂ ಹೋಗೋ ಆರು ಚಕ್ರದ ಟ್ರಕ್. ಡ್ರೈವರ್ ಕೂತ ಜಾಗದಿಂದಲೇ ಟೈರಿನ ಗಾಳಿ ಕಮ್ಮಿ ಜಾಸ್ತಿ ಮಾಡಬಹುದಾಗಿತ್ತು. ಸಮುದ್ರದ ಮರಳಲ್ಲಿ ಗಾಳಿ ಇಳಿಸು, ಗಟ್ಟಿ ರಸ್ತೆಗೆ ಬಂದಾಗ ತುಂಬು. ಮರಳಿನ ಸಮಸ್ಯೆಗೆ ಆ ಎಂಜಿನಿಯರುಗಳು ಕೊಟ್ಟ ಉತ್ತರ ಟೈರಿನಲ್ಲಿತ್ತು. ಇವತ್ತು ಅದೇ ಕೆಲಸಕ್ಕೆ ಒಂದು ಪ್ರೆಷರ್ ಗೇಜು, ಒಂದು ಸಣ್ಣ ಕಂಪ್ರೆಸರ್ ಸಾಕು.

ಎತ್ತೋದು ಶುರುವಾಗಿದ್ದು ಟೈರಿಗಾಗಿ

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೇನೆಯ ಹಳೆ ಜೀಪುಗಳು ಜನರ ಕೈಗೆ ಬಂದವು. 1953ರಲ್ಲಿ ಕ್ಯಾಲಿಫೋರ್ನಿಯಾದ ರೂಬಿಕಾನ್ ದಾರಿಯಲ್ಲಿ ಮೊದಲ ಜೀಪರ್ಸ್ ಜಾಂಬೊರಿ ನಡೆಯಿತು. 1967ರಲ್ಲಿ ಯೂಟಾದ ಮೋಆಬ್‌ನಲ್ಲಿ ಈಸ್ಟರ್ ಜೀಪ್ ಸಫಾರಿ ಶುರುವಾಯಿತು. ಇಲ್ಲಿ ಕೆಸರಿಗಿಂತ ಬಂಡೆ ಜಾಸ್ತಿ. ಬಂಡೆಗೆ ಮೊದಲು ತಗುಲೋದು ಗಟ್ಟಿ ಆಕ್ಸಲ್‌ನ ಮಧ್ಯದಲ್ಲಿರೋ ಡಿಫರೆನ್ಷಿಯಲ್ ಗುಂಡು.

ಈ ಮಾತಿನ ಅತಿ ಮುಖ್ಯ ಭಾಗ ಇದು, ಸ್ವಲ್ಪ ನಿಧಾನವಾಗಿ ನೋಡೋಣ. ಆಕ್ಸಲ್ ಕೂತಿರೋದು ಚಕ್ರದ ಮಧ್ಯದಲ್ಲಿ. ಸ್ಪ್ರಿಂಗ್ ಇರೋದು ಆಕ್ಸಲ್ ಮತ್ತು ಚಾಸಿ ನಡುವೆ. ನೀವು ಸ್ಪ್ರಿಂಗ್ ಎತ್ತರ ಮಾಡಿದರೆ ಚಾಸಿ, ಬಾಡಿ ಮೇಲೆ ಹೋಗುತ್ತೆ. ಗಟ್ಟಿ ಆಕ್ಸಲ್ ಇದ್ದಲ್ಲೇ ಇರುತ್ತೆ. ಡಿಫರೆನ್ಷಿಯಲ್ ಗುಂಡಿನ ಕೆಳಗಿನ ಜಾಗ ಒಂದು ಮಿಲಿಮೀಟರ್ ಕೂಡ ಜಾಸ್ತಿ ಆಗಲ್ಲ. ಅದನ್ನು ಎತ್ತೋದು ದೊಡ್ಡ ಟೈರು ಮಾತ್ರ. ಅದೂ ವ್ಯಾಸ ಎಷ್ಟು ಹೆಚ್ಚಾಯಿತೋ ಅದರ ಅರ್ಧದಷ್ಟು.

ಲೆಕ್ಕ ಹಾಕಿ ನೋಡಿ. 245/75 ಆರ್16 ಟೈರಿನ ವ್ಯಾಸ ಸುಮಾರು 774 ಮಿಲಿಮೀಟರ್. 265/75 ಆರ್16 ಹಾಕಿದರೆ 804. ವ್ಯತ್ಯಾಸ 30, ಆಕ್ಸಲ್ ಮೇಲೆ ಹೋಗೋದು 15. ಜೊತೆಗೆ ಸ್ಪೀಡೋಮೀಟರ್ ಲೆಕ್ಕವೂ ತಪ್ಪುತ್ತೆ: ಮುಂಚೆ ನಿಜವಾದ 100 ಇದ್ದ ಕಡೆ ಈಗ ಹತ್ತಿರ ಹತ್ತಿರ 104ರಲ್ಲಿ ಹೋಗ್ತಿರ್ತೀರಿ.

ಹಾಗಾದ್ರೆ ಜನ ಲಿಫ್ಟ್ ಯಾಕೆ ಮಾಡಿದ್ರು? ದೊಡ್ಡ ಟೈರು ಬಾಡಿಗೆ, ಫೆಂಡರಿಗೆ ಉಜ್ಜುತ್ತಿತ್ತು, ಅದಕ್ಕೆ. ಟೈರು ಬೇಕಾಗಿತ್ತು, ಅದಕ್ಕೆ ಜಾಗ ಮಾಡಲು ಬಾಡಿ ಎತ್ತಿದರು. ಹೊಟ್ಟೆ ಎತ್ತರವಾಗಿ ದಿಬ್ಬದ ನೆತ್ತಿಯಲ್ಲಿ ಸಿಕ್ಕಿಹಾಕಿಕೊಳ್ಳೋದು ತಪ್ಪಿದ್ದು ಜೊತೆಗೆ ಬಂದ ಲಾಭ. ಬಂಡೆಯವರಿಗೆ ಲಿಫ್ಟ್ ಒಂದು ಡಿಪೆಂಡೆನ್ಸಿ ಆಗಿತ್ತು, ಫೀಚರ್ ಆಗಿರಲಿಲ್ಲ.

ಎತ್ತಿದ ರೀತಿಗಳೂ ಹುಟ್ಟಿದ್ದು ಗ್ಯಾರೇಜುಗಳಲ್ಲೇ. ಹಳೆ ಜೀಪಿನಲ್ಲಿ ಸ್ಪ್ರಿಂಗ್ ಆಕ್ಸಲ್‌ನ ಕೆಳಗೆ ಹಾದುಹೋಗ್ತಿತ್ತು. ಅದನ್ನು ಬಿಚ್ಚಿ ಆಕ್ಸಲ್‌ನ ಮೇಲೆ ಕೂರಿಸಿದರೆ ಹೊಸ ಸ್ಪ್ರಿಂಗ್ ಇಲ್ಲದೇ ಗಾಡಿ ನಾಲ್ಕೈದು ಇಂಚು ಎದ್ದು ನಿಲ್ಲುತ್ತೆ. ಆದರೆ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗು ಎಸ್ ಆಕಾರಕ್ಕೆ ಬಾಗೋದು, ಸ್ಟೀರಿಂಗ್ ರಾಡಿನ ಕೋನ ಕೆಡೋದು, ಬ್ರೇಕ್ ಪೈಪು ಸಾಲದೇ ಹೋಗೋದು, ಎಲ್ಲ ಜೊತೆಗೆ ಬರುತ್ತೆ. ಇನ್ನೊಂದು ಉಪಾಯ ಉದ್ದದ ಶ್ಯಾಕಲ್, ಅಂದರೆ ಸ್ಪ್ರಿಂಗಿನ ತುದಿ ನೇತಾಡೋ ಕೊಂಡಿ. ಅದನ್ನು ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳೋದು ಸುಮಾರು ಒಂದೇ ಇಂಚು. ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ, ಹೈವೇಯಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋ ಗುಣವೂ ಕೆಡಬಹುದು. ಅಗ್ಗದ ಎತ್ತರದ ಬೆಲೆಯನ್ನು ಬೇರೆ ಯಾವುದೋ ಭಾಗ ಕಟ್ತಾ ಬಂದಿದೆ.

ಆಸ್ಟ್ರೇಲಿಯಾದವರು ಎತ್ತಿದ್ದು ಭಾರಕ್ಕಾಗಿ

ಆಸ್ಟ್ರೇಲಿಯಾದ ಕಥೆ ಬೇರೆ. ಅಲ್ಲಿ ಒಂದು ಊರಿಂದ ಇನ್ನೊಂದಕ್ಕೆ ನೂರಾರು ಕಿಲೋಮೀಟರ್ ಮಣ್ಣಿನ ರಸ್ತೆ. ಕಾಂಗರೂ ಗುದ್ದಿದರೆ ತಡೆಯಲು ಉಕ್ಕಿನ ಬುಲ್‌ಬಾರ್, ಎರಡನೇ ಡೀಸೆಲ್ ಟ್ಯಾಂಕು, ನೀರು, ವಿಂಚು, ಚಾವಣಿ ಮೇಲೆ ಟೆಂಟು. ಇಷ್ಟು ಹೇರಿದರೆ ಮೂಲ ಸ್ಪ್ರಿಂಗ್ ಕುಸಿಯುತ್ತೆ, ಗಾಡಿ ಮೂಗು ಕೆಳಗೆ ಹಾಕುತ್ತೆ. ಟೋನಿ ಬ್ರೌನ್ 1975ರಲ್ಲಿ ಮೆಲ್ಬರ್ನ್‌ನಲ್ಲಿ ಶುರು ಮಾಡಿದ ಎಆರ್‌ಬಿ ಕಂಪನಿ ಈ ಲೋಕದಿಂದಲೇ ಬೆಳೆದದ್ದು. ಓಲ್ಡ್ ಮ್ಯಾನ್ ಈಮು ಅಂತ ನಮ್ಮ ಗ್ಯಾರೇಜುಗಳಲ್ಲೂ ಕೇಳಿಬರೋ ಸಸ್ಪೆನ್ಷನ್ ಹೆಸರು ಅವರದ್ದೇ.

ಇಲ್ಲಿ ಸ್ಪ್ರಿಂಗ್ ಆರಿಸೋ ಮೊದಲ ಪ್ರಶ್ನೆ ಎಷ್ಟು ಇಂಚು ಅಂತ ಅಲ್ಲ, ಎಷ್ಟು ಕೆಜಿ ಅಂತ. ಯಾಕೆ ಅಂದರೆ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇವತ್ತಿಗೂ ಅದೇ: ಭಾರ ಎಷ್ಟೋ, ಸ್ಪ್ರಿಂಗ್ ಕುಗ್ಗೋದು ಅದರ ಪ್ರಮಾಣದಲ್ಲೇ. 200 ಕೆಜಿ ಹೆಚ್ಚುವರಿ ಭಾರಕ್ಕೆ ಅಂತ ಮಾಡಿದ ಸ್ಪ್ರಿಂಗನ್ನು ಖಾಲಿ ಗಾಡಿಗೆ ಹಾಕಿದರೆ ಗಾಡಿ ಬೇಕಾದ್ದಕ್ಕಿಂತ ಎತ್ತರ ನಿಲ್ಲುತ್ತೆ, ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಹಳ್ಳದಲ್ಲಿ ಚಕ್ರ ಕೆಳಗೆ ಚಾಚಿಕೊಳ್ಳೋ ಬದಲು ಗಾಳಿಯಲ್ಲಿ ನೇತಾಡುತ್ತೆ. ಎರಡು ಇಂಚು ಅನ್ನೋ ಸಂಖ್ಯೆ ಆಸ್ಟ್ರೇಲಿಯಾದವರಿಗೆ ಭಾರ ಹೊತ್ತ ಮೇಲೂ ಉಳಿಯಬೇಕಾದ ಎತ್ತರದ ಲೆಕ್ಕ. ನಮ್ಮಲ್ಲಿ ಸಂಖ್ಯೆ ಮಾತ್ರ ಬಂತು, ಭಾರದ ಪ್ರಶ್ನೆ ಬರಲಿಲ್ಲ.

ಕಾಯಿಲ್ ಬಂದ ಮೇಲೆ

1970ರಲ್ಲಿ ಬಂದ ರೇಂಜ್ ರೋವರ್ ಗಟ್ಟಿ ಆಕ್ಸಲ್ ಉಳಿಸಿಕೊಂಡು ನಾಲ್ಕೂ ಕಡೆ ಉದ್ದನೆಯ ಕಾಯಿಲ್ ಸ್ಪ್ರಿಂಗ್ ಹಾಕಿತು. ಹೈವೇಯಲ್ಲಿ ಮೆತ್ತಗೆ, ಹಳ್ಳದಲ್ಲಿ ಚಕ್ರ ಎಷ್ಟು ಬೇಕೋ ಅಷ್ಟು ಇಳಿಯುತ್ತೆ. 1983ರಲ್ಲಿ ಲ್ಯಾಂಡ್ ರೋವರ್ 110, 1997ರ ಮಾದರಿಯಲ್ಲಿ ಜೀಪ್ ರ‍್ಯಾಂಗ್ಲರ್ ಕೂಡ ಕಾಯಿಲ್‌ಗೆ ಬಂದವು.

ಆದರೆ ಕಮಾನು ಒಬ್ಬಂಟಿಯಾಗಿ ಮಾಡ್ತಿದ್ದ ಮೂರು ಕೆಲಸ ಈಗ ಹಂಚಿಹೋಯಿತು. ಕಾಯಿಲ್ ಭಾರ ಮಾತ್ರ ಹೊರುತ್ತೆ. ಆಕ್ಸಲ್ ಹಿಡಿಯಲು ಲಿಂಕುಗಳು, ಪಕ್ಕಕ್ಕೆ ಜಾರದಂತೆ ಪ್ಯಾನ್‌ಹಾರ್ಡ್ ರಾಡ್. ಕುಣಿತ ನಿಲ್ಲಿಸೋದು ಪೂರ್ತಿ ಶಾಕ್ ಅಬ್ಸಾರ್ಬರ್ ಜವಾಬ್ದಾರಿ. ಮಾನೊಲಿಥ್ ಒಡೆದು ಮೈಕ್ರೋಸರ್ವಿಸ್ ಮಾಡಿದ ಹಾಗೆ ಅಂದುಕೊಳ್ಳಿ. ಒಂದನ್ನು ಮುಟ್ಟಿದರೆ ಉಳಿದವು ಏನು ಮಾಡ್ತಿವೆ ಅಂತ ನೋಡಲೇಬೇಕು.

ಜಿಮ್ನಿಯಂಥ ಗಾಡಿಯನ್ನು ಎತ್ತಿದಾಗ ಪ್ಯಾನ್‌ಹಾರ್ಡ್ ರಾಡ್ ಓರೆಯಾಗಿ ಆಕ್ಸಲ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತೆ. ಮುಂದಿನ ಲಿಂಕಿನ ಕೋನ ಬದಲಾಗಿ ಕ್ಯಾಸ್ಟರ್ ಕಮ್ಮಿಯಾಗುತ್ತೆ, ಸ್ಟೀರಿಂಗ್ ಅಲೆದಾಡಬಹುದು. ಥಾರ್‌ನಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಅಲ್ಲಿ ಎತ್ತಿದಷ್ಟೂ ಚಕ್ರಕ್ಕೆ ಶಕ್ತಿ ಕೊಡೋ ಶಾಫ್ಟಿನ ಜಾಯಿಂಟ್ ಓರೆಯಾಗುತ್ತೆ, ಬೇಗ ಸವೆಯುತ್ತೆ. ಕಾಯಿಲ್ ಮೇಲೆ ಕೂರಿಸೋ ಸ್ಪೇಸರ್ ತುಂಡು ಕೆಲವು ಸಾವಿರಕ್ಕೆ ಸಿಗುತ್ತೆ, ಗಾಡಿ ಎದ್ದು ನಿಲ್ಲುತ್ತೆ. ಆದರೆ ಸ್ಪ್ರಿಂಗೂ ಅದೇ, ಶಾಕೂ ಅದೇ. ಚಕ್ರ ಕೆಳಗೆ ಇಳಿಯೋ ಜಾಗವನ್ನು ಮೊದಲೇ ಖರ್ಚು ಮಾಡಿ ಎತ್ತರ ಕೊಂಡುಕೊಂಡ ಹಾಗೆ. ಹಳ್ಳಕ್ಕೆ ಇಳಿದಾಗ ಶಾಕ್ ತನ್ನ ಕೊನೆಗೆ ತಗುಲಿ ಟಕ್ ಅನ್ನುತ್ತೆ.

ನಮ್ಮ ದೇಶದ ಜೀಪು

ಭಾರತಕ್ಕೆ ಬರೋಣ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಅಂತ ಶುರುವಾದ ಕಂಪನಿಯ ಪಾಲುದಾರ ಮಲಿಕ್ ಗುಲಾಂ ಮೊಹಮ್ಮದ್, ವಿಭಜನೆ ನಂತರ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅವರು ಮುಂಬೈಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಿದರು, ಆಮೇಲೆ ಲೈಸೆನ್ಸ್ ಪಡೆದು ಸಿಜೆ-3ಬಿ ಮಾಡಿದರು. ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಆ ಎತ್ತರದ ಬಾನೆಟ್ಟಿನ ಗಾಡಿ ನಮ್ಮಲ್ಲಿ ದಶಕಗಟ್ಟಲೆ ಉಳಿಯಿತು. 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಬಂತು. ಹಗುರ ಗಾಡಿ, ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಲೀಫ್. ಸೇನೆಗೂ ಹೋಯಿತು, ರ‍್ಯಾಲಿಗೂ ಹೋಯಿತು.

ಮಲೆನಾಡು, ಕೊಡಗಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾಫಿ ತೋಟದ ಗೊಬ್ಬರದ ಮೂಟೆಯಿಂದ ಹಿಡಿದು ಕೊಡಚಾದ್ರಿ, ಮಾಂದಲಪಟ್ಟಿಗೆ ಹೋಗೋ ಪ್ರವಾಸಿಗಳ ತನಕ ಎಲ್ಲರನ್ನೂ ಹೊತ್ತಿದ್ದು ಲೀಫ್ ಸ್ಪ್ರಿಂಗಿನ ಜೀಪುಗಳೇ. ಭಾರ ಹೊತ್ತು ಪ್ಲೇಟು ಕುಸಿದಾಗ ಮೇಸ್ತ್ರಿ ಅದನ್ನು ಬಿಚ್ಚಿ ಮತ್ತೆ ಬಾಗಿಸಿಕೊಡ್ತಿದ್ದ, ಇಲ್ಲಾ ಒಂದು ಪ್ಲೇಟು ಹೆಚ್ಚು ಹಾಕ್ತಿದ್ದ. ಗಾಡಿ ಒಂದಿಂಚು ಎದ್ದರೆ ಅದಕ್ಕೆ ಯಾರೂ ಲಿಫ್ಟ್ ಅನ್ನಲಿಲ್ಲ, ರಿಪೇರಿ ಅಂದರು. ಆಸ್ಟ್ರೇಲಿಯಾದವರ ಭಾರದ ಲೆಕ್ಕವೇ ಅದು. ನಮ್ಮ ಮೇಸ್ತ್ರಿ ಅದನ್ನು ಕಣ್ಣಳತೆಯಲ್ಲಿ ಮಾಡ್ತಿದ್ದ.

2010ರ ಥಾರ್‌ನಲ್ಲಿ ಮುಂದೆ ಟಾರ್ಷನ್ ಬಾರ್, ಹಿಂದೆ ಲೀಫ್. 2020ರ ಥಾರ್‌ನಲ್ಲಿ ಎಲ್ಲಾ ಕಾಯಿಲ್. 2023ರಲ್ಲಿ ನಮ್ಮಲ್ಲಿಗೆ ಬಂದ ಜಿಮ್ನಿಯಲ್ಲೂ ಕಾಯಿಲ್, ಕ್ಲಿಯರೆನ್ಸ್ 210 ಮಿಲಿಮೀಟರ್. ಅಂದರೆ ಕಣ್ಣಳತೆಯ ಕಾಲ ಮುಗಿದಿದೆ. ಪ್ಲೇಟು ಸೇರಿಸೋ ಜಾಗದಲ್ಲಿ ಈಗ ಸ್ಪೇಸರ್ ಬಂದಿದೆ, ಆದರೆ ಎರಡೂ ಒಂದೇ ಅಲ್ಲ. ಸೇರಿಸಿದ ಪ್ಲೇಟು ಭಾರ ಹೊರುತ್ತಿತ್ತು, ಸ್ಪೇಸರ್ ಏನನ್ನೂ ಹೆಚ್ಚಿಗೆ ಹೊರಲ್ಲ.

ಕಾನೂನಿನ ಚರಿತ್ರೆಯೂ ಇದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು.

ಹೊರರಾಜ್ಯದಲ್ಲಿರೋ ನಮಗೆ ಇದು ಇನ್ನೂ ಹತ್ತಿರದ ವಿಷಯ. ಕೆಎ ಪ್ಲೇಟಿನ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿದರೆ ಮರುನೋಂದಣಿ ಮಾಡಿಸಬೇಕು, ಆಗ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕಾಗಬಹುದು. 2021ರಿಂದ ಬಿಎಚ್ ಸರಣಿ ಬಂದು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸು ಇರೋ ಕಂಪನಿಯವರಿಗೆ ಆ ತಾಪತ್ರಯ ಕಮ್ಮಿಯಾಗಿದೆ. ಆದರೂ ವಾರಂಟಿ, ಇನ್ಶೂರೆನ್ಸ್ ಪ್ರಶ್ನೆ ಉಳಿಯುತ್ತೆ. ಹಾಕಿಸೋ ಮುಂಚೆ ಇನ್ಶೂರೆನ್ಸ್ ಕಂಪನಿಯನ್ನು, ಸರ್ವಿಸ್ ಸೆಂಟರನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ "ಏನೂ ಆಗಲ್ಲ ಸಾರ್" ಕ್ಲೇಮ್ ದಿನ ಕೆಲಸಕ್ಕೆ ಬರಲ್ಲ.

ದಂಡಕ್ಕಿಂತ ದೊಡ್ಡದು ಮಗುಚೋ ಅಪಾಯ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಬಳಸೋ ಒಂದು ಸರಳ ಅಳತೆ ಇದೆ: ಎಡ ಬಲ ಚಕ್ರದ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸೋದು. ಉದಾಹರಣೆಗೆ ಅಗಲ 1500 ಮಿಲಿಮೀಟರ್, ಎತ್ತರ 700 ಅಂದುಕೊಳ್ಳಿ, 1.07 ಬರುತ್ತೆ. 50 ಎತ್ತಿದರೆ ಹತ್ತಿರ ಹತ್ತಿರ 1.0. ಆಕ್ಸಲ್ ಏಳದ ಕಾರಣ ನಿಜವಾದ ಇಳಿಕೆ ಇದಕ್ಕಿಂತ ಸ್ವಲ್ಪ ಕಮ್ಮಿ, ಆದರೆ ದಿಕ್ಕು ಅದೇ. ಹಬ್ಬಕ್ಕೆ ಊರಿಗೆ ಹೊರಟು, ಹಿಂದೆ ಮಕ್ಕಳು ಮಲಗಿ, ರಾತ್ರಿ ಹೈವೇಯಲ್ಲಿ ಎದುರಿಗೆ ದನ ಬಂದು ಸ್ಟೀರಿಂಗ್ ಎಳೆದಾಗ ಕೆಲಸ ಮಾಡೋದು ಈ ಸಂಖ್ಯೆ.

ಹಾಗಾದ್ರೆ ಏನು ಮಾಡೋದು

ಇನ್ನೂರು ವರ್ಷದ ಕಥೆಯಿಂದ ನನಗೆ ಕಾಣೋದು ಒಂದೇ. ಯಾರೂ ಎತ್ತರಕ್ಕಾಗಿ ಎತ್ತರ ಮಾಡಲಿಲ್ಲ. ಬಂಡೆಯವರಿಗೆ ಟೈರು ಬೇಕಿತ್ತು, ಆಸ್ಟ್ರೇಲಿಯಾದವರಿಗೆ ಭಾರ ಹೊರಬೇಕಿತ್ತು, ರೇಂಜ್ ರೋವರ್‌ಗೆ ಚಕ್ರದ ಚಲನೆ ಬೇಕಿತ್ತು. ಆದ್ದರಿಂದ ನಿಮ್ಮ ಕಾರಣ ಯಾವುದು ಅಂತ ಮೊದಲು ಬರೆದುಕೊಳ್ಳಿ.

ಕಾರಣ ಇನ್ನೂ ಸ್ಪಷ್ಟ ಇಲ್ಲ ಅಂದರೆ ಮೊದಲ ದುಡ್ಡು ಮೂಲ ಅಳತೆಯಲ್ಲೇ ಒಳ್ಳೆ ಆಲ್-ಟೆರೇನ್ ಟೈರು, ಗೇಜು, ಕಂಪ್ರೆಸರ್, ಎಳೆಯೋ ಪಟ್ಟಿಗೆ ಹೋಗಲಿ. ಆರ್‌ಸಿ ಬದಲಾಗಲ್ಲ, ಕೋನ ಕೆಡಲ್ಲ. ಒಂದು ಮಳೆಗಾಲ ಓಡಿಸಿ, ಗಾಡಿ ಎಲ್ಲಿ ತಗುಲಿತು ಅಂತ ಕೆಳಗೆ ಮಲಗಿ ನೋಡಿ. ಡಿಫರೆನ್ಷಿಯಲ್ ಮೇಲೆ ಗೀರು ಇದ್ದರೆ ಲಿಫ್ಟ್ ಸಹಾಯ ಮಾಡಲ್ಲ. ಮಧ್ಯದ ಹೊಟ್ಟೆಯ ಮೇಲೆ ಇದ್ದರೆ ಮಾಡುತ್ತೆ.

ಕಾರಣ ಭಾರ ಆಗಿದ್ದರೆ, ಹೇರಿದ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಮುಂದಿನ, ಹಿಂದಿನ ಆಕ್ಸಲ್ ತೂಕ ಬೇರೆ ಬೇರೆ ತಗೊಂಡು, ಆ ತೂಕಕ್ಕೆ ಮಾಡಿದ ಸ್ಪ್ರಿಂಗನ್ನು ಅದಕ್ಕೆ ಹೊಂದೋ ಶಾಕ್ ಜೊತೆಯಲ್ಲೇ ಹಾಕಿಸಿ. ಒಳ್ಳೆ ಪೂರ್ತಿ ಕಿಟ್ ಲಕ್ಷದ ಆಸುಪಾಸಿಗೆ ಹೋಗಬಹುದು. ಒಟ್ಟಿಗೆ ಆಗದಿದ್ದರೆ ಕಾಯಿರಿ. ಈ ತಿಂಗಳು ಸ್ಪ್ರಿಂಗ್, ಬರೋ ವರ್ಷ ಶಾಕ್ ಅಂತ ಕಂತು ಮಾಡಬೇಡಿ. ಎರಡು ಇಂಚು ದಾಟಬೇಡಿ. ಹಾಕಿಸಿದ ದಿನವೇ ಕ್ಯಾಸ್ಟರ್ ಸೇರಿ ಅಲೈನ್‌ಮೆಂಟ್, ಬ್ರೇಕ್ ಪೈಪಿನ ಉದ್ದ, ಹೆಡ್‌ಲೈಟಿನ ಕೋನ, ಈ ಮೂರನ್ನೂ ನೋಡಿಸಿ. ಈ ಖರ್ಚನ್ನೂ ಬಜೆಟ್ಟಿಗೆ ಮೊದಲೇ ಸೇರಿಸಿ.

ಇನ್ನು, ನೋಡಲು ಚೆನ್ನಾಗಿರುತ್ತೆ ಅನ್ನೋದೇ ಕಾರಣ ಆಗಿದ್ದರೆ ಅದೂ ತಪ್ಪಲ್ಲ, ನಿಮ್ಮ ದುಡ್ಡು. ಆದರೆ ಆಫ್-ರೋಡ್‌ಗೆ ಬೇಕು ಅಂತ ಮನೆಯಲ್ಲಿ ಹೇಳೋ ಮುಂಚೆ ಆ 222 ಮಿಲಿಮೀಟರಿನ ಜೀಪು ಎಲ್ಲೆಲ್ಲಿ ಓಡಾಡಿ ಬಂತು ಅನ್ನೋದನ್ನ ಒಂದ್ಸಲ ನೆನಪಿಸಿಕೊಳ್ಳಿ.

ಮುಂದಿನ ಮಾತು ಲೋ ರೇಂಜ್ ಗೇರ್‌ಬಾಕ್ಸಿನ ಕಥೆ. ಸಿಗೋಣ, ನಮಸ್ಕಾರ.